ಹದಿನಾಲ್ಕನೇ ನಂಬರಿನವನ ಮಾರ್ಕ್ಸು

ಗುರುದತ್‌ಗೆ ಸಿಟ್ಟು ಬಂದರೆ ಪಿಸುಗುಟ್ಟಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ. ಅವನ ಅಮ್ಮ ಚಂದ್ರಾವತಿ ಊರು ಬಿಟ್ಟು ಪರದೇಶಕ್ಕೆ ಬಂದು ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸಾದವಳು. ಕೊರೊನಾದ ಆ ಮೊದಲ ವರ್ಷದ ಅಕ್ಟೋಬರಿನಲ್ಲಿ ಅವಳಿಗೆ ಹೆಚ್ಚುಕಡಿಮೆ ಬರೀ ನೈಟ್ ಡ್ಯೂಟಿ. ಬೆಳಿಗ್ಗೆ ಬಂದವಳು ಉಟ್ಟ ಬಟ್ಟೆಯನ್ನೆಲ್ಲ ಬಾಗಿಲ ಹತ್ತಿರವೇ ಚೀಲಕ್ಕೆ ತುಂಬಿ, ಸ್ನಾನ ಮಾಡಿ, ಮೂಗಿನ ಮೇಲಿನ ಮಾಸ್ಕಿನ ಗೆರೆ ಮಾಸುವ ಮೊದಲೇ ಮಲಗಿಬಿಡುತ್ತಿದ್ದಳು. ಅವಳ ಕೋಣೆಗೂ ಗುರುದತ್ ಕೆಲಸ ಮಾಡುವ ಪುಟ್ಟ ರೂಮಿಗೂ ನಡುವೆ ಇದ್ದದ್ದು ಗೋಡೆಯಲ್ಲ, ಬಣ್ಣ ಬಳಿದ ದಪ್ಪ ರಟ್ಟು. ಈ ಕಡೆ ಕುರ್ಚಿ ಕಿರುಗುಟ್ಟಿದರೆ ಆ ಕಡೆ ಅಮ್ಮ ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಹಾಗಾಗಿ ಇಪ್ಪತ್ತೆರಡು ವರ್ಷದ ಹುಡುಗ, ಇಡೀ ಲೋಕದ ಮೇಲೆ ಸಿಟ್ಟು ಇಟ್ಟುಕೊಂಡವನು, ಹಗಲೆಲ್ಲ ಬಾಯಿ ಮುಚ್ಚಿಕೊಂಡು ಅಮೆರಿಕದವರ ಫುಟ್‌ಬಾಲ್ ನೋಡಿ ಮಾರ್ಕ್ಸ್ ಹಾಕುತ್ತಿದ್ದ.

ಹೌದು, ಅದೂ ಒಂದು ಕೆಲಸ. ಅದೇ ದೇಶದ ಡನ್‌ಡಾಕ್ ಅನ್ನುವ ಊರಿನ ಒಂದು ಸಣ್ಣ ಕಂಪನಿ ಅದನ್ನು ಮಾಡಿಸುತ್ತಿತ್ತು. ಆ ಆಟದ ಚೆಂಡು ಕಾಲಿನದಲ್ಲ, ಕೈಯದು. ಸುಲಿದ ತೆಂಗಿನಕಾಯಿಯ ಆಕಾರ. ಪ್ರತಿ ಸಲವೂ ಚೆಂಡು ಒಬ್ಬನ ಕೈಗೆ ಬರುತ್ತದೆ. ಎದುರಿನಿಂದ ಎಮ್ಮೆಯಂಥ ನಾಲ್ಕಾರು ಜನ ಅವನನ್ನು ಕೆಡವಲು ನುಗ್ಗುತ್ತಿರುವಾಗಲೇ, ಓಡುತ್ತಿರುವ ತನ್ನವರಲ್ಲಿ ಯಾರಿಗೆ ಎಸೆಯಬೇಕೆಂದು ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿ ಎಸೆಯಬೇಕು. ಅವನೇ ಕ್ವಾರ್ಟರ್‌ಬ್ಯಾಕ್. ಗೆದ್ದರೆ ಅವನ ಫೋಟೋ, ಸೋತರೆ ಅವನ ತಲೆ. ಅವನ ಒಂದೊಂದು ಎಸೆತಕ್ಕೂ ಮೈನಸ್ ಎರಡರಿಂದ ಪ್ಲಸ್ ಎರಡರವರೆಗೆ ಮಾರ್ಕ್ಸ್ ಹಾಕುವುದು ಗುರುದತ್‌ನ ಪಾಲು. ಆ ಮಾರ್ಕ್ಸನ್ನು ಟೀವಿಯವರು, ಪತ್ರಿಕೆಯವರು, ಕೆಲವು ಟೀಮಿನವರೂ ಕೊಳ್ಳುತ್ತಿದ್ದರು.

ಒಂದೇ ಆಟವನ್ನು ಇಬ್ಬರು ಬೇರೆ ಬೇರೆ ಮನೆಯಲ್ಲಿ ಕೂತು ಅಳೆಯುತ್ತಾರೆ. ಒಬ್ಬ ಎ, ಇನ್ನೊಬ್ಬ ಬಿ. ಬಿ ಯಾರು ಅಂತ ಎ‌ಗೆ ಗೊತ್ತಾಗುವ ಹಾಗಿಲ್ಲ, ಇಬ್ಬರೂ ಹಾಕಿ ಮುಗಿಸುವವರೆಗೆ ಒಬ್ಬರ ಮಾರ್ಕ್ಸು ಇನ್ನೊಬ್ಬರಿಗೆ ಕಾಣುವುದೂ ಇಲ್ಲ. ಇಬ್ಬರ ಮಾರ್ಕ್ಸೂ ಒಂದೇ ಆದರೆ ಆ ಸಾಲು ಹಸಿರಾಗಿ ಬೀಗ ಬೀಳುತ್ತದೆ. ಬೇರೆಯಾದರೆ ಕೆಂಪಾಗಿ ಮೂರನೆಯವನ ಹತ್ತಿರ ಹೋಗುತ್ತದೆ. ಕೆಂಪು ಸಾಲಿನಿಂದ ಹಳಬರಿಗೆ ಏನೂ ನಷ್ಟವಿಲ್ಲ. ಆದರೆ ಪ್ರೊಬೇಷನ್ನಿನಲ್ಲಿರುವವನಿಗೆ ಕೊನೆಯ ನೂರು ಸಾಲಿನಲ್ಲಿ ತೊಂಬತ್ತೈದು ಹಸಿರಾಗಲೇಬೇಕು. ಗುರುದತ್‌ನ ಪ್ರೊಬೇಷನ್ ಆ ತಿಂಗಳ ಕೊನೆಗೆ ಮುಗಿಯುವುದಿತ್ತು, ಅವನು ತೊಂಬತ್ತಾರರಲ್ಲಿದ್ದ. ಲಾಕ್‌ಡೌನಿನಲ್ಲಿ ಅವನು ಮೊದಲು ಕೆಲಸ ಮಾಡುತ್ತಿದ್ದ ಹೋಟೆಲು ಬಾಗಿಲು ಹಾಕಿತ್ತು. ಮನೆಯಿಂದ ಐದು ಕಿಲೋಮೀಟರ್ ಆಚೆ ಕಾಲಿಡಬೇಡಿ ಎಂದು ಸರ್ಕಾರ ಹೇಳಿದ್ದ ಕಾಲದಲ್ಲಿ, ಓದು ಅರ್ಧಕ್ಕೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೆಯದು ಎಲ್ಲಿಂದ ಬರಬೇಕು?

ಆ ಸೀಸನ್ನಿನಲ್ಲಿ ಅವನ ಪಾಲಿಗೆ ಬಿದ್ದಿದ್ದವನು ಹದಿನಾಲ್ಕನೇ ನಂಬರಿನವನು. ಹೆಸರು ಟೈರೆಲ್ ಬೂನ್. ಅವನಿಗೂ ಇಪ್ಪತ್ತೆರಡೇ. ಕಾಲೇಜಿನಿಂದ ನೇರ ಬಂದು ದೊಡ್ಡವರ ಆಟಕ್ಕೆ ನಿಂತವನು. ಮೊದಲೆರಡು ಮ್ಯಾಚ್ ಗೆದ್ದಾಗ ಟೀವಿಯವರು ಹೆಗಲ ಮೇಲೆ ಹೊತ್ತರು. ಮುಂದೆ ಮೂರು ಸೋತಾಗ ಅದೇ ಬಾಯಲ್ಲಿ, ಇವನು ಇಷ್ಟೇ, ಇವನ ಕೈಲಾಗಲ್ಲ ಅಂದರು. ಗುರುದತ್ ಅವನನ್ನು ಪ್ರೀತಿಸುತ್ತಿರಲಿಲ್ಲ. ಒಂದು ಎಸೆತವನ್ನು ಹಿಂದೆ ಮುಂದೆ ತಿರುಗಿಸಿ ಮೂವತ್ತು ಸಲ ನೋಡಿದರೆ ಯಾರ ಮೇಲೂ ಪ್ರೀತಿ ಉಳಿಯುವುದಿಲ್ಲ. ಆದರೆ ಅವನ ಗುರುತು ಸಿಕ್ಕಿತ್ತು. ಸುಸ್ತಾದಾಗ ಎಡಗಾಲು ಎಳೆಯುತ್ತಾನೆ, ತಪ್ಪಾದಾಗ ಹೆಲ್ಮೆಟ್ಟಿನ ಮೇಲೆ ತಾನೇ ಹೊಡೆದುಕೊಳ್ಳುತ್ತಾನೆ, ಇಂಥವೆಲ್ಲ.

ಆ ಭಾನುವಾರ ಸಂಜೆ ಅಮ್ಮ ಡ್ಯೂಟಿಗೆ ಹೊರಡುವ ಮುಂಚೆ ಒಂದು ಗಳಿಗೆ ಒರಗಿದ್ದಳು. ಗುರುದತ್ ಹೆಡ್‌ಫೋನ್ ಹಾಕಿಕೊಂಡು ಮ್ಯಾಚನ್ನು ನೇರ ನೋಡುತ್ತಿದ್ದ. ಕೆಲಸಕ್ಕಲ್ಲ, ಸುಮ್ಮನೆ. ಕೆಲಸದ ವಿಡಿಯೋ ಮಾರನೇ ದಿನ ಬರುತ್ತದೆ. ಮೈದಾನದ ಇಪ್ಪತ್ತೆರಡು ಜನರನ್ನೂ ಮೇಲಿನಿಂದ ತೋರಿಸುವ ಅದಕ್ಕೆ ಸದ್ದು ಅನ್ನುವುದೇ ಇಲ್ಲ. ಟೀವಿಗೆ ಸದ್ದಿತ್ತು. ಸ್ಟೇಡಿಯಮ್ಮಿನಲ್ಲಿ ನರಪಿಳ್ಳೆ ಇರಲಿಲ್ಲ, ಖಾಲಿ ಕುರ್ಚಿಗಳ ಮೇಲೆ ಬಟ್ಟೆ ಹೊದಿಸಿದ್ದರು. ರೆಕಾರ್ಡ್ ಮಾಡಿದ ಜನರ ಗದ್ದಲವನ್ನು ಮೇಲೆ ಸವರಿದ್ದರೂ ಅದರ ಅಡಿಯಲ್ಲಿ ಆಟಗಾರರು ಕೂಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಹತ್ತಾರು ಸಾವಿರ ಜನ ಬೊಬ್ಬೆ ಹೊಡೆಯುವ ವರ್ಷಗಳಲ್ಲಿ ಯಾರ ಕಿವಿಗೂ ಬೀಳದ ಮಾತು ಆ ದರಿದ್ರ ವರ್ಷದಲ್ಲಿ ಬ್ಯೂಮಾಂಟ್ ಆಸ್ಪತ್ರೆ ಹತ್ತಿರದ ಒಂದು ರೂಮಿಗೆ ಬರುತ್ತಿತ್ತು.

ಹದಿನಾಲ್ಕನೆಯವನು ಎದುರಾಳಿಗಳು ನಿಂತ ರೀತಿ ನೋಡಿ, "ಟಕ್ಸನ್! ಟಕ್ಸನ್!" ಅಂತ ಕೂಗಿದ. ಅಂದರೆ ಮೊದಲು ಹೇಳಿದ್ದು ಬಿಡಿ, ಇದು ಮಾಡಿ. ಅದೇ ಮ್ಯಾಚಿನಲ್ಲಿ ಹಿಂದೆ ಎರಡು ಸಲ ಅವನು ಹಾಗೆ ಕೂಗಿದಾಗ ಬಲಗಡೆ ಓಡುವವನು ನಾಲ್ಕು ಹೆಜ್ಜೆ ಹೋಗಿ ಒಳಕ್ಕೆ ತಿರುಗಿದ್ದ, ಚೆಂಡು ಎದೆಗೆ ಬಂದಿತ್ತು. ಮೂರನೇ ಸಲ ಆ ಬಡ್ಡೀಮಗ ತಿರುಗಲಿಲ್ಲ. ನೆಟ್ಟಗೆ ಓಡಿಬಿಟ್ಟ. ಚೆಂಡು ಅವನು ಇರಬೇಕಾಗಿದ್ದ ಜಾಗಕ್ಕೇ ಬಂತು, ಅಲ್ಲಿದ್ದವನು ಎದುರಾಳಿ. ಅವನು ಅದನ್ನು ಹಿಡಿದು ಆ ತುದಿಯವರೆಗೂ ಓಡಿದ. ಮ್ಯಾಚ್ ಅಲ್ಲಿಗೆ ಮುಗಿಯಿತು.

ಸೋಮವಾರ ಮೂಕ ವಿಡಿಯೋ ಬಂತು. ಅದರಲ್ಲಿ ಕಾಣುವುದು ಇಷ್ಟೇ: ಒಬ್ಬ ಹುಡುಗ ನೇರವಾಗಿ ಎದುರಾಳಿಯ ಕೈಗೆ ಚೆಂಡು ಎಸೆಯುತ್ತಿದ್ದಾನೆ. ಕುರುಡನೂ ಮಾಡದ ತಪ್ಪು. ಗುರುದತ್ ಮೌಸಿನ ಮೇಲೆ ಕೈಯಿಟ್ಟು ಕೂತ. ತಪ್ಪು ಎಸೆದವನದಲ್ಲ, ಸರಿಯಾದ ಮಾರ್ಕ್ಸು ಸೊನ್ನೆ ಅಂತ ಅವನಿಗೆ ಗೊತ್ತಿತ್ತು. ಆದರೆ ಬಿ ಯಾರೋ, ಎಲ್ಲೋ, ಇದೇ ಮೂಕ ವಿಡಿಯೋ ನೋಡಿ ಮೈನಸ್ ಎರಡು ಹಾಕುತ್ತಾನೆ. ಒಂದು ಕೆಂಪು ಸಾಲು. ಆ ಮ್ಯಾಚಿನಲ್ಲಿ ಇಂಥವು ಇನ್ನೂ ಐದಾರು ಇದ್ದವು. ಎಲ್ಲ ಕಡೆ ತನಗೆ ಕಂಡದ್ದನ್ನೇ ಹಾಕುತ್ತ ಹೋದರೆ ತೊಂಬತ್ತೈದು ಎಲ್ಲಿ ಉಳಿಯುತ್ತದೆ?

ಮೈನಸ್ ಎರಡು ಹಾಕಿದ. ಸಾಲು ಹಸಿರಾಯಿತು. ಬೀಗ ಬಿತ್ತು.

ಮಂಗಳವಾರ ಮಧ್ಯಾಹ್ನ ಅನ್ನ ಕಲಸಿಕೊಂಡು ಫೋನ್ ನೋಡುತ್ತಿದ್ದಾಗ ಟೀವಿಯವರ ಒಂದು ತುಣುಕು ಬಂತು. ಕೋಟು ಹಾಕಿದ ಮೂವರು ಮೇಜಿನ ಹಿಂದೆ ಕೂತಿದ್ದರು, ನಡುವೆ ಪ್ಲಾಸ್ಟಿಕ್ ಗಾಜು. ಅವರ ಹಿಂದಿನ ಪರದೆಯ ಮೇಲೆ ಹದಿನಾಲ್ಕನೆಯವನ ಮುಖ, ಅದರ ಪಕ್ಕ ಗುರುದತ್‌ನ ಕಂಪನಿಯ ಗುರುತು, ಅದರ ಕೆಳಗೆ ವಾರದ ಅತಿ ಕಡಿಮೆ ಮಾರ್ಕ್ಸು. ಲೆಕ್ಕ ಸುಳ್ಳು ಹೇಳಲ್ಲ ಅಂತ ನಡುವಿನವನು ಹೇಳಿದ. ಮುಂದಿನ ಭಾನುವಾರ ಇವನನ್ನು ಆಡಿಸುವುದೋ ಕೂರಿಸುವುದೋ ಯೋಚನೆ ಮಾಡುತ್ತೇನೆ ಅಂತ ಕೋಚ್ ಹೇಳಿದ್ದನ್ನೂ ತೋರಿಸಿದರು.

ಗುರುದತ್‌ನ ತುತ್ತು ಕೈಯಲ್ಲೇ ಉಳಿಯಿತು. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಈಗೀಗ ಯಾರು ಕೆಮ್ಮಿದರೂ ಒಂದು ಕ್ಷಣ ಉಸಿರು ನಿಲ್ಲುತ್ತಿತ್ತು. ಇನ್ನೊಂದು ಕೆಮ್ಮು ಬರಲಿಲ್ಲ. ಅವನು ಕೈ ತೊಳೆದು, ಲ್ಯಾಪ್‌ಟಾಪ್ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಕಸದ ಮೂರು ಡಬ್ಬಗಳ ಪಕ್ಕ ನಿಂತು ಅನಂತಕೃಷ್ಣನಿಗೆ ವಿಡಿಯೋ ಕಾಲ್ ಮಾಡಿದ.

ಅನಂತಕೃಷ್ಣ ಅವನ ಟೀಮ್ ಲೀಡ್. ಮೈಸೂರಿನವನು, ನಲವತ್ತು ದಾಟಿದ ಎಂಜಿನಿಯರ್, ಡನ್‌ಡಾಕಿನಲ್ಲಿ ಮನೆ. ಗುರುದತ್‌ನನ್ನು ಕೆಲಸಕ್ಕೆ ತೆಗೆದುಕೊಂಡವನು ಅವನೇ, ಆದರೆ ಇಬ್ಬರೂ ಎದುರುಬದುರು ಒಂದು ಸಲವೂ ನಿಂತಿರಲಿಲ್ಲ. ಗುರುದತ್ ಕಂಡಿದ್ದು ಎದೆಯಿಂದ ಮೇಲಿನ ಅನಂತಕೃಷ್ಣನನ್ನು ಮಾತ್ರ. ಆ ದಿನ ಆ ಮುಖದ ಮೇಲೆ ಎರಡು ದಿನದ ಗಡ್ಡ ಇತ್ತು.

"ಸರ್, ಭಾನುವಾರದ ಒಂದು ಸಾಲು ಅನ್‌ಲಾಕ್ ಮಾಡ್ಬೇಕು. ಹದಿನಾಲ್ಕನೆಯೋನ್ದು, ಆ ಇಂಟರ್‌ಸೆಪ್ಷನ್, ಎದುರಾಳಿ ಹಿಡ್ಕೊಂಡಿದ್ದು."

"ಅದು ಇಬ್ರದ್ದೂ ತಾಳೆ ಆಗೈತಲ್ಲೋ. ಹಸಿರಾಗಿರೋದನ್ನ ಯಾಕೆ ಕೆರೀತೀಯ?"

"ಅವ್ನ ತಪ್ಪಲ್ಲ ಸರ್. ಆಟ ಬದಲಾಯಿಸಿ ಕೂಗ್ದ. ಟೀವೀಲಿ ಕೇಳಿಸ್ತು. ಓಡೋನು ಮರ್ತ."

"ಟೀವೀಲಿ ಕೇಳಿದ್ದು ನಮ್ಗೆ ಲೆಕ್ಕಕ್ಕಿಲ್ಲ ಕಣಪ್ಪಾ. ವಿಡಿಯೋದಲ್ಲಿ ಕಂಡಿದ್ದಷ್ಟೆ."

"ವಿಡಿಯೋದಲ್ಲೇ ತೋರಿಸ್ತೀನಿ. ಹಿಂದೆ ಎರಡ್ ಸಲ ಇದೇ ಥರ ನಿಂತಾಗ ಅವ್ನು ಒಳಗೆ ತಿರುಗಿದಾನೆ. ಮೂರೂ ಪಕ್ಕಪಕ್ಕ ಇಟ್ಟು ನೋಡಿ."

ಅನಂತಕೃಷ್ಣನ ಹಿಂದೆ ಯಾರೋ ಓಡಿದ ಸದ್ದು. "ಡ್ಯಾಡ್, ಇಟ್ಸ್ ಫ್ರೋಝನ್ ಅಗೇನ್!" ಅಂತ ಒಂದು ಪುಟ್ಟ ಹೆಣ್ಣುದನಿ, ಪಕ್ಕಾ ಡನ್‌ಡಾಕಿನ ರಾಗದಲ್ಲಿ.

"ಬಂದೆ ಇಂಚರಾ, ಎರಡ್ ನಿಮಿಷ... ಅವ್ಳ ಕ್ಲಾಸಲ್ಲಿ ಯಾರಿಗೋ ಪಾಸಿಟಿವ್ ಬಂದೈತೆ, ಎಲ್ರನ್ನೂ ಮನೆಗೆ ಅಟ್ಟಿದಾರೆ. ನೋಡು ಗುರು, ನಿಂಗೆ ಇನ್ನ ಹತ್ತು ದಿನ. ಕಣ್ಮುಚ್ಕೊಂಡು ಪಾಸಾಗ್ತೀಯ. ಯೂ ಆರ್ ಗ್ರ್ಯಾಂಡ್. ಬಿಟ್ಬಿಡು."

ಗ್ರ್ಯಾಂಡ್.

ಅನಂತಕೃಷ್ಣ ಬೇರೆ ಏನಾದರೂ ಹೇಳಿದ್ದರೆ ಗುರುದತ್ ಬಿಟ್ಟುಬಿಡುತ್ತಿದ್ದನೇನೋ. ಹದಿನಾಲ್ಕನೇ ವಯಸ್ಸಿಗೆ ಅಮ್ಮನ ಹಿಂದೆ ಲಗ್ಗೆರೆಯಿಂದ ಈ ಊರಿಗೆ ಬಂದಾಗ ಅವನಿಗೆ ಇಂಗ್ಲಿಷು ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಲಗ್ಗೆರೆಯಲ್ಲಿ ಪುಟ್ಟಣ್ಣ ಅಂತ ಒಬ್ಬ ಮೇಷ್ಟ್ರು ಇದ್ದರು. ಪುಸ್ತಕದ ತುಂಬ ಕೆಂಪು ಗೀಟೆಳೆದು, ಮುಖಕ್ಕೆ ಎಸೆದು, "ದಂಡಪಿಂಡ" ಅನ್ನುತ್ತಿದ್ದರು. ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲಿನವರು ಬಂಗಾರದಂಥವರು. ಒಬ್ಬರೂ ಕೆಂಪು ಪೆನ್ನು ಮುಟ್ಟಲಿಲ್ಲ. ಅವನು ಏನೇ ಗೀಚಿಕೊಟ್ಟರೂ ಬೆನ್ನು ತಟ್ಟಿ, ಗ್ರ್ಯಾಂಡ್, ಯೂ ಆರ್ ಗ್ರ್ಯಾಂಡ್, ಏನೂ ತೊಂದರೆಯಿಲ್ಲ, ಚೆನ್ನಾಗೇ ಇದ್ದೀಯ, ಅಂದರು. ದೂರದಿಂದ ಬಂದ ಹುಡುಗ, ಪಾಪ, ಮನಸ್ಸು ನೋಯಿಸಬಾರದು. ಮೂರು ವರ್ಷ ಹಾಗೆ ಬೆನ್ನು ತಟ್ಟಿಸಿಕೊಂಡು ಬಂದವನು ದೊಡ್ಡ ಪರೀಕ್ಷೆಯ ಮುಂಚಿನ ಪರೀಕ್ಷೆಗೆ ಕೂತಾಗ ಮೊದಲ ಪ್ರಶ್ನೆಯ ತಲೆಬುಡವೇ ತಿಳಿಯಲಿಲ್ಲ. ಅಕ್ಕಪಕ್ಕದವರ ಪೆನ್ನು ಓಡುತ್ತಿತ್ತು. ಅವನು ಎದ್ದು, ಜಾಕೆಟ್ ತೆಗೆದುಕೊಂಡು, ಹೊರಗೆ ನಡೆದ. ಮತ್ತೆ ಆ ಗೇಟು ದಾಟಲಿಲ್ಲ.

"ಸರ್," ಅಂದ. ದನಿ ತಾನಾಗಿಯೇ ತಗ್ಗಿತ್ತು. ಹಿತ್ತಲಿನಲ್ಲೂ ಪಿಸುಗುಟ್ಟುವುದೇ ರೂಢಿಯಾಗಿಬಿಟ್ಟಿತ್ತು. "ಬಿ ಯಾರು ಹೇಳಿ. ನಾನೇ ಮಾತಾಡ್ತೀನಿ. ಅವ್ರಿಗೆ ಒಂದ್ಸಲ ನೋಡಿ ಅಂತೀನಿ, ಅಷ್ಟೆ."

ಅನಂತಕೃಷ್ಣ ಕನ್ನಡಕ ತೆಗೆದು ಕಣ್ಣು ಉಜ್ಜಿದ. ತುಂಬಾ ಹೊತ್ತು ಉಜ್ಜಿದ.

"ಸ್ಲೈಗೋ ಊರಿನ ಹುಡ್ಗಿ ಒಬ್ಳು ಮಾಡ್ತಿದ್ಳು. ಅವ್ಳಿಗೆ ಕೋವಿಡ್ ಬಂದು ಮಲಗಿದಾಳೆ. ಮೂರು ವಾರದಿಂದ ಬಿ ನಾನೇ ಕಣೋ."

ಗುರುದತ್‌ಗೆ ಮೊದಲು ಅನ್ನಿಸಿದ್ದು ಸಮಾಧಾನ. "ಹಂಗಾದ್ರೆ ಸುಲಭ ಆಯ್ತಲ್ಲ ಸರ್! ನೀವೇ ಇನ್ನೊಂದ್ಸಲ ನೋಡಿ."

"ನೋಡೋದೇನು. ನಂಗೂ ಕೇಳಿಸ್ತು."

"ಏನು?"

"ಟಕ್ಸನ್. ನಾನೂ ಮ್ಯಾಚ್ ನೋಡ್ತಿದ್ದೆ. ಅವ್ನ ತಪ್ಪಲ್ಲ ಅಂತ ಆವಾಗ್ಲೇ ಗೊತ್ತಾಯ್ತು."

"ಮತ್ತೆ ಮೈನಸ್ ಎರಡು?"

"ನೀನು ಅದೇ ಹಾಕ್ತೀಯ ಅಂತ ಹಾಕ್ದೆ." ಅನಂತಕೃಷ್ಣನ ದನಿಯಲ್ಲಿ ನಾಚಿಕೆಗಿಂತ ಆಯಾಸ ಹೆಚ್ಚಿತ್ತು. "ನಿಂದು ನೋಡಿ ಹಾಕಿಲ್ಲ, ದೇವ್ರಾಣೆ. ಊಹೆ ಮಾಡ್ದೆ. ಹುಡುಗ ಹೊಸಬ, ಮೂಕ ವಿಡಿಯೋ ನೋಡಿ ಮೈನಸ್ ಎರಡು ಹಾಕಿರ್ತಾನೆ, ನಾನು ಸೊನ್ನೆ ಹಾಕಿದ್ರೆ ಪಾಪ ಅವ್ನಿಗೆ ಒಂದು ಕೆಂಪು ಬೀಳತ್ತೆ ಅಂತ. ನಿನ್ನ ಪ್ರೊಬೇಷನ್ ಮುಗೀಲಿ ಅಂತ ಕಣೋ. ಅಮ್ಮ ಒಬ್ರೇ ದುಡೀತಿದಾರೆ ಅಂತ ಕೆಲಸಕ್ಕೆ ಸೇರೋವಾಗ ನೀನೇ ಅಂದಿದ್ದೆ ತಾನೆ?"

ಕಂದು ಡಬ್ಬದ ಮುಚ್ಚಳದ ಮೇಲೆ ಒಂದು ಸೀಗಲ್, ಆ ಬಿಳಿ ಕಡಲಹಕ್ಕಿ, ಬಂದು ಕೂತು ಗುರುದತ್‌ನನ್ನೇ ನೋಡುತ್ತಿತ್ತು. ನಾನು ನೀವು ಹಾಕುತ್ತೀರಿ ಅಂತ ಹಾಕಿದೆ, ನೀವು ನಾನು ಹಾಕುತ್ತೇನೆ ಅಂತ ಹಾಕಿದಿರಿ. ಇಬ್ಬರಿಗೂ ಸರಿಯಾದದ್ದು ಗೊತ್ತಿತ್ತು. ಇಬ್ಬರ ನಡುವೆ ಸಿಕ್ಕಿಕೊಂಡವನು ಸಾವಿರಾರು ಮೈಲಿ ಆಚೆ ಹೆಲ್ಮೆಟ್ಟಿನ ಮೇಲೆ ಹೊಡೆದುಕೊಳ್ಳುತ್ತಿದ್ದ.

"ಮೂರು ವಾರದಿಂದ ಹಂಗೇನಾ ಸರ್? ಎಲ್ಲಾನೂ?"

"ಎಲ್ಲಾ ಅಲ್ಲಪ್ಪ. ಅನುಮಾನ ಇದ್ದಿದ್ದು ಮಾತ್ರ."

"ಅಂದ್ರೆ ನನ್ನ ತೊಂಬತ್ತಾರು ಸುಳ್ಳು."

"ಸುಳ್ಳು ಅಂತ ಯಾಕಂತೀಯ? ಒಂಚೂರು ಸಹಾಯ..."

"ನಾನು ಕೇಳಿದ್ನಾ?" ಆ ಮಾತು ಪಿಸುಮಾತಾಗಿರಲಿಲ್ಲ. ಸೀಗಲ್ ಹಾರಿಹೋಯಿತು. "ಕೇಳಿದ್ನಾ ಸರ್ ನಿಮ್ಮನ್ನ? ಆರು ತಿಂಗ್ಳು ಆ ರೂಮಲ್ಲಿ ಕೂತು, ಪರ್ವಾಗಿಲ್ಲ, ಇದೊಂದು ಕೆಲಸ ನಂಗೆ ಬರತ್ತೆ ಅನ್ಕೊಂಡಿದ್ದೆ. ಈಗ ಅದೂ ಗೊತ್ತಿಲ್ಲ. ನಂಗೆ ಬರತ್ತೋ ಇಲ್ವೋ ಯಾರ್ನ ಕೇಳ್ಲಿ? ನೀವು ಗ್ರ್ಯಾಂಡ್ ಅಂತೀರ!"

ಮೇಲಿನ ಕಿಟಕಿಯ ಪರದೆ ಸರಿಯಿತು. ಚಂದ್ರಾವತಿಯ ಮುಖ ಕಂಡಿತು, ಕೂದಲು ಕೆದರಿತ್ತು. ಅವಳು ಏನಾಯಿತು ಎಂದು ಕೈಯಲ್ಲೇ ಕೇಳಿದಳು. ಅವನು ಏನಿಲ್ಲ ಎಂದು ಕೈಯಲ್ಲೇ ಹೇಳಿದ. ಪರದೆ ಬಿತ್ತು.

ಡನ್‌ಡಾಕಿನಲ್ಲಿ ಅನಂತಕೃಷ್ಣ ಕನ್ನಡಕ ಹಾಕಿಕೊಂಡ. "ಏನ್ಮಾಡೋಣ ಅಂತೀಯ?"

"ನಾಳೆ ಮಧ್ಯಾಹ್ನದವರೆಗೂ ಬದಲಾಯಿಸ್ಬಹುದು ಅಲ್ವಾ. ಭಾನುವಾರದ ಮ್ಯಾಚ್ ಪೂರ್ತಿ ಅನ್‌ಲಾಕ್ ಮಾಡಿ. ಇಬ್ರೂ ಮೊದಲಿಂದ ಹಾಕೋಣ. ನೀವು ಕಂಡಿದ್ದು ಹಾಕಿ. ನಾನು ಕಂಡಿದ್ದು ಹಾಕ್ತೀನಿ."

"ನೀನು ತೊಂಬತ್ತೈದರ ಕೆಳಗೆ ಹೋದ್ರೆ ನನ್ ಕೈಲಿ ಏನೂ ಇರಲ್ಲ, ತಿಳ್ಕೊ. ಮೇಲಿನವರು ನಂಬರ್ ನೋಡ್ತಾರೆ, ಮುಖ ನೋಡಲ್ಲ."

"ಹೋದ್ರೆ ಹೋಗ್ಲಿ."

ಅನಂತಕೃಷ್ಣ ನಿಟ್ಟುಸಿರು ಬಿಟ್ಟ. "ಇಂಚರಂಗೆ ಊಟ ಹಾಕಿ ಶುರು ಮಾಡ್ತೀನಿ," ಅಂದು ಕಾಲ್ ಮುಗಿಸಿದ.

ಇಬ್ಬರೂ ಎಲ್ಲ ಮುಗಿಸುವ ಹೊತ್ತಿಗೆ ಹೊರಗೆ ಬೀದಿದೀಪ ಹತ್ತಿಕೊಂಡಿತ್ತು. ಮೊದಲು ಬದಲಾದದ್ದು ಆ ಸಾಲೇ. ಗುರುದತ್ ಸೊನ್ನೆ ಹಾಕಿದ, ಸಾಲು ಕೆಂಪಾಯಿತು, ಸ್ವಲ್ಪ ಹೊತ್ತಿಗೆ ಅನಂತಕೃಷ್ಣನೂ ಸೊನ್ನೆ ಹಾಕಿದಾಗ ಮತ್ತೆ ಹಸಿರಾಯಿತು. ಆಮೇಲೆ ಒಂದೊಂದೇ ಕೆಂಪು ಶುರುವಾದವು, ನಿಂತವು, ಹಸಿರಿಗೆ ತಿರುಗಲಿಲ್ಲ. ಹದಿನಾಲ್ಕನೆಯವನ ಒಂದು ಉದ್ದನೆಯ ಎಸೆತಕ್ಕೆ ಗುರುದತ್ ಪ್ಲಸ್ ಎರಡು ಹಾಕಿದ್ದ, ಎರಡು ದಿನದಿಂದ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದ ಎಸೆತ. ಅನಂತಕೃಷ್ಣ ಸೊನ್ನೆ ಹಾಕಿದ. ಗುರುದತ್ ಸಿಟ್ಟಿನಲ್ಲೇ ತೆಗೆದು ನಿಧಾನವಾಗಿ ನೋಡಿದರೆ ಚೆಂಡು ಗುರಿ ಮುಟ್ಟದೆ ಮೊದಲೇ ಇಳಿದಿತ್ತು. ಹಿಡಿದವನು ನಿಂತು, ಹಿಂದಕ್ಕೆ ಬಾಗಿ, ನೆಲ ಮುಟ್ಟುವ ಮೊದಲು ಬಾಚಿಕೊಂಡಿದ್ದ. ಪುಣ್ಯ ಅವನದು. ಇನ್ನೆರಡು ಕಡೆ ತನ್ನದೇ ಸರಿ ಅಂತ ಗುರುದತ್‌ಗೆ ಈಗಲೂ ಅನ್ನಿಸುತ್ತಿತ್ತು. ಉಳಿದ ಕಡೆ ಏನೂ ಹೇಳಲಾಗದು.

ಹದಿನಾಲ್ಕನೆಯವನ ಮಾರ್ಕ್ಸು ಸ್ವಲ್ಪ ಏರಿತು. ವಾರದ ಅತಿ ಕಡಿಮೆಯಿಂದ ಕೆಳಗಿನಿಂದ ಮೂರನೆಯದಕ್ಕೆ. ಅಷ್ಟೇ. ಅವನು ವಜ್ರವೇನೂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದವನು, ಕೆಲವು ಕಡೆ ಕಣ್ಣು ಚುರುಕು, ಕೆಲವು ಕಡೆ ಕೈ ಅವಸರ. ಗುರುದತ್‌ನ ತೊಂಬತ್ತಾರು ತೊಂಬತ್ತೊಂದಕ್ಕೆ ಇಳಿಯಿತು.

ಕೆಳಗೆ ಅಡುಗೆಮನೆಯಲ್ಲಿ ಚಂದ್ರಾವತಿ ಡ್ಯೂಟಿಗೆ ಹೊರಟು ನಿಂತು ಚಹಾ ಕುಡಿಯುತ್ತಿದ್ದಳು. ಕೂತರೆ ಏಳಲಾಗುವುದಿಲ್ಲ ಅಂತ ಅವಳು ಈಚೆಗೆ ಕೂರುತ್ತಿರಲಿಲ್ಲ.

"ಯಾರ ಹತ್ರ ಜಗಳ ಆಡ್ತಿದ್ದೆ?"

"ಅನಂತಕೃಷ್ಣ ಸರ್ ಹತ್ರ."

"ಅಯ್ಯೋ ಶಿವನೆ. ಕೆಲಸ ಕೊಟ್ಟೋರ ಹತ್ರಾನಾ? ಮತ್ತೆ ಪಾಸಾಗ್ತೀಯೋ ಇಲ್ವೋ?"

"ಇಲ್ಲ ಅನ್ಸತ್ತೆ."

ಚಂದ್ರಾವತಿ ಲೋಟದ ಅಂಚಿನ ಮೇಲಿನಿಂದ ಮಗನನ್ನು ನೋಡಿದಳು. ಬೈಯುವುದಕ್ಕೂ ಶಕ್ತಿ ಬೇಕು. "ಹೋಗ್ಲಿ, ಫೇಲ್ ಅಂತ ಮುಖಕ್ಕೇ ಹೇಳಿದ್ರಾ?"

"ಹೂಂ. ಇವತ್ತು ಹೇಳಿದ್ರು."

"ಆಯ್ತು. ಫ್ರಿಜ್ಜಲ್ಲಿ ಸಾರೈತೆ, ಬಿಸಿ ಮಾಡ್ಕೊ," ಅಂದು ಹೊಸ ಮಾಸ್ಕು ತೆಗೆದು ಹೊರಟಳು.

ಶುಕ್ರವಾರ ಮೇಲಿನವರ ಉತ್ತರ ಬಂತು. ಪ್ರೊಬೇಷನ್ ಇನ್ನೂ ಮೂರು ತಿಂಗಳು, ಆಮೇಲೆ ಮತ್ತೊಂದು ಅವಕಾಶ ಇಲ್ಲ. ಅನಂತಕೃಷ್ಣ ನಡೆದದ್ದನ್ನು ಇದ್ದಂತೆಯೇ ಬರೆದಿದ್ದನಂತೆ. ಅವನನ್ನು ಮಾರ್ಕ್ಸ್ ಹಾಕುವ ಕೆಲಸದಿಂದ ತೆಗೆದಿದ್ದರು. "ಒಳ್ಳೇದೇ ಆಯ್ತು ಬಿಡು, ಭಾನುವಾರ ಮಲಗ್ತೀನಿ," ಎಂದಷ್ಟೇ ಮೆಸೇಜು ಕಳಿಸಿದ್ದ. ಈಗ ಬಿ ಬೇರೆ ಯಾರೋ. ಯಾರೆಂದು ಗುರುದತ್ ಕೇಳಲಿಲ್ಲ.

ಕೋಚ್ ಹದಿನಾಲ್ಕನೆಯವನನ್ನು ಕೂರಿಸಿದ. ಮಾರ್ಕ್ಸು ನೋಡಿಯೋ, ಕಣ್ಣಾರೆ ನೋಡಿಯೋ, ಯಾರಿಗೆ ಗೊತ್ತು. ಭಾನುವಾರ ಅವನು ಟೋಪಿ ಹಾಕಿಕೊಂಡು, ಮಾಸ್ಕು ಗದ್ದಕ್ಕೆ ಇಳಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ಕೊನೆಯಲ್ಲಿ, ಸೋಲು ಖಾತ್ರಿಯಾದ ಮೇಲೆ, ನಾಲ್ಕು ಎಸೆತಕ್ಕೆ ಅವನನ್ನು ಇಳಿಸಿದರು. ಮೂರು ಸರಿಯಾಗಿದ್ದವು. ನಾಲ್ಕನೆಯದಕ್ಕೆ ಅವನು ಟಕ್ಸನ್ ಅಂತಲೂ ಕೂಗಲಿಲ್ಲ, ಮತ್ತೇನೂ ಕೂಗಲಿಲ್ಲ. ತನ್ನವನು ಎಡಗಡೆ ಒಬ್ಬನೇ ಖಾಲಿ ಜಾಗದಲ್ಲಿ ಕೈ ಎತ್ತಿ ನಿಂತಿದ್ದರೂ ನೋಡದೆ, ಅವಸರಪಟ್ಟು ಬಲಕ್ಕೆ ನೆಲಕ್ಕೆಸೆದ.

ಸೋಮವಾರ ಬೆಳಿಗ್ಗೆ ಗುರುದತ್ ಆ ಎಸೆತವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗೋಡೆಯ ಆಚೆ ಅಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಇದು ಓಡಿದವನ ತಪ್ಪಲ್ಲ, ಎದುರಾಳಿಗಳಿಗೆ ಅಡ್ಡ ನಿಂತು ಇವನನ್ನು ಕಾಯುವವರ ತಪ್ಪಲ್ಲ. ಇವನದೇ. ಮೈನಸ್ ಒಂದು ಹಾಕಿದ. ಬಿ ಸೊನ್ನೆ ಹಾಕಿದ್ದ, ಪಾಪ ಅಂತ ಹಾಕಿದನೋ, ಹಾಗೇ ಕಂಡಿತೋ.

ಸಾಲು ಕೆಂಪಾಯಿತು. ಗುರುದತ್ ಇನ್ನೊಂದು ಸಲ ನೋಡಿದ. ಮೈನಸ್ ಒಂದೇ. ಅದನ್ನು ಹಾಗೇ ಬಿಟ್ಟು, ಕುರ್ಚಿ ಸದ್ದಾಗದಂತೆ ಮುಂದಕ್ಕೆಳೆದುಕೊಂಡು, ಮುಂದಿನ ಮ್ಯಾಚ್ ತೆರೆದ.